ಹಳೇ ಬೈಕಿನ ಪ್ಲಗ್ ಪದೇ ಪದೇ ಕಪ್ಪಾಗುತ್ತಿದೆಯೇ? ಕಾರ್ಬುರೇಟರ್‌ಗೆ ಕೈ ಹಾಕುವ ಮುಂಚೆ ಇಷ್ಟು ನೋಡಿ

ಕಳೆದ ಮಳೆಗಾಲದಲ್ಲಿ ನನ್ನ ಹಳೇ ಟು ಸ್ಟ್ರೋಕ್ ಬೈಕ್ ಯೆಜ್ಡಿ ಒಂದೇ ತಿಂಗಳಲ್ಲಿ ಮೂರು ಸ್ಪಾರ್ಕ್ ಪ್ಲಗ್ (ಎಂಜಿನ್ನಿನೊಳಗೆ ಕಿಡಿ ಕೊಟ್ಟು ಪೆಟ್ರೋಲ್ ಉರಿಸುವುದು) ತಿಂದಿತು. ಮೂರನೆಯದು ಕೈಕೊಟ್ಟಿದ್ದು ನವನಗರದ ಹತ್ತಿರ, ಸಂಜೆ ಏಳಕ್ಕೆ, ಜಡಿಮಳೆಯಲ್ಲಿ. ಹುಬ್ಬಳ್ಳಿ ಬಿಟ್ಟಾಗ ಚೆನ್ನಾಗೇ ಇತ್ತು. ಉಣಕಲ್ ದಾಟಿದ ಮೇಲೆ ಮಿಸ್ಸಿಂಗ್ ಶುರುವಾಯಿತು. ಸೈಲೆನ್ಸರ್‌ನಲ್ಲಿ ಎರಡು ಸಲ ಢಂ ಎಂದು ಹೊಡೆದು ನಿಂತೇಬಿಟ್ಟಿತು. ಪಕ್ಕದ ಲೇನ್‌ನಲ್ಲಿ ಚಿಗರಿ ಬಸ್ಸುಗಳು ಧಾರವಾಡಕ್ಕೆ ಹೋಗುತ್ತಲೇ ಇದ್ದವು, ನಾನು ಕಿಕ್ ಹೊಡೆಯುತ್ತಲೇ ಇದ್ದೆ.

ಮರುದಿನ ಮಿಸ್ತ್ರಿ ಪ್ಲಗ್ ಬಿಚ್ಚಿ ನೋಡಿ, "ಪೆಟ್ರೋಲ್ ಜಾಸ್ತಿ ಬರಾಕತ್ತೈತ್ರಿ, ಕಾರ್ಬುರೇಟರ್ ಟ್ಯೂನಿಂಗ್ ಮಾಡೂಣು" ಎಂದರು. ಮಾಡಿದರು. ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ಹಾಕಿದರು, ನೀಡಲ್ (ಆ ಹರಿವು ಹಿಡಿದಿಡುವ ಸೂಜಿ) ಇಳಿಸಿದರು. ಪಿಕಪ್ ಹೋಯಿತು, ಎಂಜಿನ್ ಕಾಯತೊಡಗಿತು, ಪ್ಲಗ್ ಮಾತ್ರ ಮೊದಲಿನ ಹಾಗೇ ಕಪ್ಪು. ಕೊನೆಗೆ ಸಿಕ್ಕ ಕಳ್ಳ ಪ್ಲಗ್ ಕ್ಯಾಪ್, ಅಂದರೆ ಕರೆಂಟ್ ತರುವ ವೈರನ್ನು ಪ್ಲಗ್ ತಲೆಗೆ ಜೋಡಿಸುವ ಟೊಪ್ಪಿಗೆ. ಎರಡು ಪ್ಲೇಟ್ ಗಿರ್ಮಿಟ್ಟು, ನಾಲ್ಕು ಮಿರ್ಚಿಗೆ ಆಗುವ ದುಡ್ಡಿನ ಮಾಲು!

ಅವತ್ತಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪ್ಲಗ್ ಕಪ್ಪಾದರೆ ಮೊದಲು ಕಿಡಿ, ಆಮೇಲೆ ಗಾಳಿ, ಅದಾದ ಮೇಲೆ ಪೆಟ್ರೋಲ್, ಕಡೆಗೆ ಆಯಿಲ್. ಕಿಡಿ ದುರ್ಬಲವಾಗಿದ್ದರೆ ಒಳಗೆ ಬಂದ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಆಗ ಕೂರುವ ಮಸಿಗೂ ಪೆಟ್ರೋಲ್ ಜಾಸ್ತಿಯಾಗಿ ಕೂರುವ ಮಸಿಗೂ ಕಣ್ಣಿಗೆ ಫರಕ್ ಕಾಣುವುದಿಲ್ಲ. ಕಾರ್ಬುರೇಟರ್ ಬಿಚ್ಚುವುದು ಅರ್ಧ ದಿನದ ಕೆಲಸ. ಕಿಡಿ ನೋಡುವುದು ಹತ್ತು ನಿಮಿಷದ ಕೆಲಸ.

ಪ್ಲಗ್ ಶಾರ್ಟ್ ಆಗುವುದು ಅಂದರೆ

ಗ್ಯಾರೇಜಿನಲ್ಲಿ "ಪ್ಲಗ್ ಶಾರ್ಟ್ ಆಗೈತಿ" ಅನ್ನುತ್ತಾರಲ್ಲ, ಮಾತು ಸರಿಯಾಗೇ ಇದೆ. ಪ್ಲಗ್‌ನ ನಡುವಿನ ಕಡ್ಡಿಯ ಸುತ್ತ ಬಿಳಿ ಪಿಂಗಾಣಿ ಇರುತ್ತದೆ. ಕರೆಂಟ್ ಆಚೀಚೆ ಸೋರದಂತೆ ತಡೆಯುವುದು ಅದರ ಕೆಲಸ. ಅದರ ಮೇಲೆ ಕಾರ್ಬನ್ ಕೂತರೆ ಕರೆಂಟಿಗೆ ಅಡ್ಡದಾರಿ ಸಿಕ್ಕ ಹಾಗೆ. ಗ್ಯಾಪ್ ಹಾರಿ ಕಿಡಿ ಹೊಡೆಯುವ ಬದಲು ಆ ಮಸಿಯ ಮೇಲೆ ಹರಿದು ಪ್ಲಗ್‌ನ ಮೈಗೆ, ಅಲ್ಲಿಂದ ಹೆಡ್‌ಗೆ (ಸಿಲಿಂಡರಿನ ಮೇಲಿನ ಮುಚ್ಚಳಕ್ಕೆ) ಇಳಿದುಹೋಗುತ್ತದೆ.

ಹಾಗೆ ನೋಡಿದರೆ ಪ್ಲಗ್ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಪಿಂಗಾಣಿಯ ತುದಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೂತ ಮಸಿ ಉರಿದುಹೋಗುತ್ತದೆ. ಹಾಗಂತ 850 ದಾಟಿದರೂ ಕಷ್ಟ. ಕಿಡಿ ಬರುವ ಮೊದಲೇ ಒಳಗೆ ಬೆಂಕಿ ಹತ್ತಿ ಪಿಸ್ಟನ್ ತೂತಾಗಬಹುದು. ಈ ಎರಡರ ನಡುವೆ ಪ್ಲಗ್ ಕೆಲಸ ಮಾಡಬೇಕು.

ಈಗ ನಮ್ಮ ಓಡಾಟ ನೋಡಿ. ಹಳೇ ಹುಬ್ಬಳ್ಳಿಯಿಂದ ದುರ್ಗದ ಬೈಲಿಗೆ ಕಾಯಿಪಲ್ಲೆಗೆ ಹೋಗುತ್ತೇವೆ. ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್, ಒಂದು-ಎರಡನೇ ಗೇರ್‌ನಲ್ಲೇ ಗದ್ದಲದಲ್ಲಿ ಪ್ರಯಾಣ, ಎಂಜಿನ್ ಕಾಯುವ ಮುಂಚೆಯೇ ಬಂದ್. ಪ್ಲಗ್ 450 ಡಿಗ್ರಿ ಕಾಣುವುದೇ ಇಲ್ಲ. ವಾರಕ್ಕೊಮ್ಮೆ ಧಾರವಾಡದ ತನಕ ಒಂದೇ ವೇಗದಲ್ಲಿ ಹೊಡೆದರೆ, ಆ 20 ಕಿಲೋಮೀಟರ್‌ನಲ್ಲಿ ಎಷ್ಟೋ ಪ್ಲಗ್ ತಾವೇ ಸರಿಯಾಗುತ್ತವೆ. ಟು ಸ್ಟ್ರೋಕ್ ಗಾಡಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಏಕೆಂದರೆ ಅದು ಆಯಿಲ್ ಅನ್ನೂ ಉರಿಸಬೇಕು. ನಿಮ್ಮದು ಬರೀ ಇದೇ ಕಾರಣ ಆಗಿದ್ದರೆ ಪಾನಾ ಹಿಡಿಯುವ ಅಗತ್ಯವೇ ಇಲ್ಲ.

ಪ್ಲಗ್ ಬಿಚ್ಚುವುದು

ಎಂಜಿನ್ ತಣ್ಣಗಿರಲಿ. ಹೆಡ್ ಅಲ್ಯುಮಿನಿಯಂ. ಬಿಸಿಯಿದ್ದಾಗ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತು ಬರುವ ಸಾಧ್ಯತೆ ಇದೆ. ಯೆಜ್ಡಿ, ಆರ್‌ಎಕ್ಸ್ 100ರಂಥ ಹಳೇ ಗಾಡಿಗಳ 14 ಮಿಲಿಮೀಟರ್ ಥ್ರೆಡ್‌ನ ಪ್ಲಗ್‌ಗೆ 21ರ ಪಾನಾ ಬೇಕು. ಸ್ಪ್ಲೆಂಡರ್‌ನಂಥ ಸಣ್ಣ ಫೋರ್ ಸ್ಟ್ರೋಕ್‌ಗೆ 10 ಮಿಲಿಮೀಟರ್ ಪ್ಲಗ್, 16ರ ಪಾನಾ.

ಬಿಚ್ಚುವ ಮುಂಚೆ ಪ್ಲಗ್‌ನ ಬುಡಕ್ಕೆ ಗಾಳಿ ಹೊಡೆಯಿರಿ. ಸೈಕಲ್ ಪಂಪ್ ಸಾಕು. ನಮ್ಮ ಕಡೆಯ ಎರಿ ಮಣ್ಣಿನ ಧೂಳು ಫಿನ್‌ಗಳ ನಡುವೆ ಹಿಟ್ಟಿನ ಹಾಗೆ ಕೂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಆಮೇಲೆ ಬ್ಲಾಕ್ ಕೆಲಸಕ್ಕೆ ಬಂತು ಅಂತ ಅಳುವುದು ಬೇಡ.

ಕ್ಯಾಪ್ ಕೀಳುವಾಗ ಕ್ಯಾಪನ್ನೇ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ಪ್ಲಗ್ ಗಟ್ಟಿಯಾಗಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಒಂದೇ ಏಟಿಗೆ ಜೋರು ಮಾಡದೆ ಹಿಂದೆ-ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ.

ಬಣ್ಣ ನೋಡುವುದು

ಪ್ಲಗ್ ಹಿಡಿದು ಬಿಸಿಲಿಗೆ ಬನ್ನಿ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ಚೆನ್ನಾಗಿರುವ ಎಂಜಿನ್ನಿನ ಪ್ಲಗ್‌ಗೆ ಧಾರವಾಡ ಪೇಡೆಯ ಬಣ್ಣ ಇರುತ್ತದೆ. ಮೇಲಿನ ಸಕ್ಕರೆ ಒರೆಸಿದ ಪೇಡೆ. ತಿಳಿ ಕಂದು, ಒಣಗಿದ್ದು, ಸ್ವಲ್ಪ ಬೂದಿ ಸೇರಿದ ಹಾಗೆ. ಟು ಸ್ಟ್ರೋಕ್‌ನಲ್ಲಿ ಇದಕ್ಕಿಂತ ಒಂದು ಛಾಯೆ ಗಾಢವಾಗಿದ್ದರೂ ಚಿಂತೆ ಬೇಡ.

ಒಲೆಯ ಮಸಿಯಂತೆ ಒಣ ಕಪ್ಪು, ಬೆರಳಿಗೆ ಪುಡಿಯಾಗಿ ಹತ್ತುತ್ತದೆ ಎಂದರೆ ಪೆಟ್ರೋಲ್ ಜಾಸ್ತಿ, ಇಲ್ಲ ಗಾಳಿ ಕಮ್ಮಿ, ಇಲ್ಲ ಕಿಡಿ ದುರ್ಬಲ. ಪ್ಲಗ್‌ನ ನಂಬರೇ ತಪ್ಪಿರಲೂಬಹುದು. ಹಸಿಯಾಗಿದ್ದು ಬರೀ ಪೆಟ್ರೋಲ್ ವಾಸನೆ ಬಂದರೆ ಕಿಡಿಯೇ ಇಲ್ಲ, ಅಥವಾ ಕಾರ್ಬುರೇಟರ್ ಓವರ್‌ಫ್ಲೋ ಆಗಿ ಎಂಜಿನ್ ತುಂಬಿದೆ. ಹಸಿ, ಜಿಡ್ಡು, ಬೆರಳ ನಡುವೆ ಉಜ್ಜಿದರೆ ಜಾರುತ್ತದೆ, ಒರೆಸಿದರೂ ಹೋಗುವುದಿಲ್ಲ ಎಂದರೆ ಅದು ಆಯಿಲ್.

ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಮೇಲೆ ಸಣ್ಣ ಗುಳ್ಳೆಗಳಿದ್ದರೆ ಅದು ಬೇರೆ ರೋಗ. ಎಂಜಿನ್ ವಿಪರೀತ ಕಾಯುತ್ತಿದೆ. ಗಾಡಿ ಓಡಿಸುವುದನ್ನು ನಿಲ್ಲಿಸಿ ಮೊದಲು ಎಲ್ಲಿಂದ ಗಾಳಿ ಎಳೆಯುತ್ತಿದೆ ನೋಡಿ. ಕಪ್ಪು ಪ್ಲಗ್ ನಿಮ್ಮನ್ನು ರಸ್ತೆಯಲ್ಲಿ ನಿಲ್ಲಿಸುತ್ತದೆ ಅಷ್ಟೇ. ಬಿಳಿ ಪ್ಲಗ್ ಎಂಜಿನ್ನನ್ನೇ ತಿನ್ನುತ್ತದೆ.

ಟು ಸ್ಟ್ರೋಕ್‌ನಲ್ಲಿ ಇನ್ನೊಂದು ನೋಡಿದ್ದೇನೆ. ಎರಡು ಎಲೆಕ್ಟ್ರೋಡ್‌ಗಳ ನಡುವೆ ಕೂದಲಿನಷ್ಟು ತೆಳುವಾದ ಕಾರ್ಬನ್ ಎಳೆ ಸೇತುವೆ ಕಟ್ಟಿರುತ್ತದೆ. ಪ್ಲಗ್ ಹೊಸದಾಗೇ ಕಾಣುತ್ತದೆ, ಕಿಡಿ ಮಾತ್ರ ಇಲ್ಲ. ಉಗುರಿನಲ್ಲಿ ತೆಗೆದರೆ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್.

ನಿಲ್ಲಿಸಿದ ಗಾಡಿಯಿಂದ ತೆಗೆದ ಪ್ಲಗ್ ಐಡಲಿಂಗ್ ಕಥೆ ಮಾತ್ರ ಹೇಳುತ್ತದೆ. ಓಡುವಾಗಿನ ಕಥೆ ಬೇಕಾದರೆ ಬೆಳಗ್ಗೆ ಆರಕ್ಕೆ ಕುಸುಗಲ್ ರಸ್ತೆಯಂಥ ಖಾಲಿ ರಸ್ತೆಗೆ ಹೋಗಿ. ಎಂಜಿನ್ ಕಾದ ಮೇಲೆ ಒಂದೆರಡು ಕಿಲೋಮೀಟರ್ ಒಂದೇ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಬಂದ್ ಮಾಡಿ. ಉರುಳಿಕೊಂಡು ಪಕ್ಕಕ್ಕೆ ನಿಲ್ಲಿಸಿ, ಬಿಸಿ ಇಳಿದ ಮೇಲೆ ಪ್ಲಗ್ ತೆಗೆಯಿರಿ. ಕಿಲ್ ಸ್ವಿಚ್ ಇದ್ದರೆ ಅದನ್ನೇ ಬಳಸಿ. ಕೀಲಿಯಲ್ಲೇ ಹ್ಯಾಂಡಲ್ ಲಾಕ್ ಇರುವ ಗಾಡಿಯಲ್ಲಿ ಓಡುತ್ತಿರುವಾಗ ಕೀಲಿ ತಿರುಗಿಸಬೇಡಿ.

ತೊಳೆಯುವುದು, ಗ್ಯಾಪ್ ಇಡುವುದು

ಒಣ ಮಸಿಯಾದರೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಹಿತ್ತಾಳೆ ಬ್ರಷ್ ಆದರೂ ನಡೆಯುತ್ತದೆ, ಕೈ ಹಗುರ ಇರಲಿ. ಉಕ್ಕಿನ ವೈರ್ ಬ್ರಷ್ ಬೇಡ. ಅದು ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟಿನಂತೆ ಕಬ್ಬಿಣದ ಗೆರೆ ಬಿಡುತ್ತದೆ, ಆ ಗೆರೆ ಮೇಲೂ ಕರೆಂಟ್ ಓಡುತ್ತದೆ. ಮರಳು ಹೊಡೆದು ಸ್ವಚ್ಛ ಮಾಡುವ ಮಷಿನ್ ಕೂಡ ನನಗೆ ಇಷ್ಟವಿಲ್ಲ. ಪಿಂಗಾಣಿಯ ಬುಡದ ಸಂದಿಯಲ್ಲಿ ಒಂದು ಕಣ ಉಳಿದರೂ ಸಿಲಿಂಡರ್ ಗೋಡೆಗೆ ಗೀರು ಬೀಳುತ್ತದೆ.

ಗ್ಯಾಸ್ ಒಲೆ ಮೇಲೆ ಪ್ಲಗ್ ಕೆಂಪಗೆ ಕಾಯಿಸುವುದು ನಮ್ಮಲ್ಲಿ ಹಳೇ ಪದ್ಧತಿ. ನಾನೂ ಮಾಡಿದ್ದೇನೆ, ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ. ಆಯಿಲ್ ಉರಿದುಹೋಗುವುದು ನಿಜ. ಆದರೆ ಪಿಂಗಾಣಿ ಒಳಗೊಳಗೇ ಬಿರುಕು ಬಿಡಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಎಂಜಿನ್ ಕಾದಾಗ ಮಾತ್ರ ಮಿಸ್ಸಿಂಗ್ ಬರುತ್ತದೆ, ನೀವು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಕೊಡುವುದು) ಹೋಗಿದೆ ಎಂದುಕೊಂಡು ಅಲೆಯುತ್ತೀರಿ. ಆಯಿಲ್ ಕುಡಿದ ಪ್ಲಗ್ ಎಸೆದುಬಿಡಿ. ಹೊಸದಕ್ಕೆ ನೂರು ರೂಪಾಯಿಯ ಆಸುಪಾಸು ಅಷ್ಟೇ.

ಗ್ಯಾಪ್ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಫೀಲರ್ ಗೇಜ್ ಹಿಡಿಯಿರಿ, ಹ್ಯಾಕ್ಸಾ ಬ್ಲೇಡ್ ಅಂದಾಜು ಬೇಡ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಯನ್ನು ಮೀಟಿದರೆ ಪಿಂಗಾಣಿ ಒಡೆಯುತ್ತದೆ.

ವಾಪಸ್ ಹಾಕುವಾಗ ಮೊದಲು ಬರೀ ಬೆರಳಲ್ಲೇ ಪೂರ್ತಿ ತಿರುಗಿಸಿ. ಬೆರಳಿಗೆ ಹೋಗಲಿಲ್ಲ ಎಂದರೆ ಥ್ರೆಡ್ ತಪ್ಪಿದೆ, ಬಿಚ್ಚಿ ಮತ್ತೆ ಹಾಕಿ. ಕೂತ ಮೇಲೆ ಹೊಸ ಪ್ಲಗ್ ಆದರೆ ಪಾನಾದಿಂದ ಅರ್ಧ ಸುತ್ತು. ವಾಷರ್ ಒಮ್ಮೆ ಒತ್ತಿಹೋದ ಹಳೇ ಪ್ಲಗ್ ಆದರೆ ಹನ್ನೆರಡನೇ ಒಂದು ಸುತ್ತು, ಗಡಿಯಾರದಲ್ಲಿ ಐದು ನಿಮಿಷದಷ್ಟು. ಅಷ್ಟು ಸಾಕು.

ಕಿಡಿ: ಇಲ್ಲಿ ಅವಸರ ಬೇಡ

ಸಂಜೆ ಅಥವಾ ನೆರಳಲ್ಲಿ ಮಾಡಿ. ಪೆಟ್ರೋಲ್ ಕಾಕ್ ಬಂದ್ ಇರಲಿ. ಪ್ಲಗ್ ತೆಗೆದು ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಹೆಡ್‌ನ ಫಿನ್‌ಗೆ ಗಟ್ಟಿಯಾಗಿ ತಾಗಿಸಿಡಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಕೈಯಲ್ಲಿ ಹಿಡಿಯಬೇಡಿ. ಕ್ಯಾಪ್ ಸೋರುತ್ತಿದ್ದರೆ ಕರೆಂಟ್ ನಿಮಗೇ ಹೊಡೆಯುತ್ತದೆ. ಸಿಡಿಐ (ಎಲೆಕ್ಟ್ರಾನಿಕ್ ಡಬ್ಬಿಯಿಂದ ಕಿಡಿ ಕೊಡುವ) ಗಾಡಿಯಲ್ಲಿ ಪ್ಲಗ್ ಅರ್ಥ್ ಮಾಡದೆ ಕಿಕ್ ಹೊಡೆಯಲೇಬಾರದು, ಕಾಯಿಲ್ ಮತ್ತು ಸಿಡಿಐ ಎರಡಕ್ಕೂ ಪೆಟ್ಟು.

ಈಗ ಕೀಲಿ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ, ದಪ್ಪ, ಚಟ್ ಎಂದು ಸದ್ದು ಮಾಡುವ ಕಿಡಿ ಬೇಕು. ಹಳದಿ ಅಥವಾ ಕೆಂಪು ಬಣ್ಣದ ತೆಳು ಎಳೆ ಬಂದರೆ ಪಾಸ್ ಅಲ್ಲ. "ಕರೆಂಟ್ ಐತಿ ಬಿಡ್ರಿ" ಎಂದು ಮುಂದೆ ಹೋಗಿ ಜನ ಎಡವುವುದು ಇಲ್ಲಿಯೇ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಒಳಗೆ ಕಂಪ್ರೆಷನ್ ಒತ್ತಡದಲ್ಲಿ ಅದೇ ಗ್ಯಾಪ್ ಹಾರಲು ಬಹಳ ಜಾಸ್ತಿ ವೋಲ್ಟ್ ಬೇಕು. ಹೊರಗೇ ಬಡಕಲಾದ ಕಿಡಿ ಒಳಗೆ ಸತ್ತೇ ಹೋಗುತ್ತದೆ.

ಕಿಡಿ ದುರ್ಬಲ ಇದ್ದರೆ ತುದಿಯಿಂದ ಹಿಂದಕ್ಕೆ ಬನ್ನಿ.

ಮೊದಲು ಕ್ಯಾಪ್. ಹಳೇ ಗಾಡಿಗಳಲ್ಲಿ ಅದು ವೈರಿಗೆ ಸ್ಕ್ರೂನಂತೆ ತಿರುಗಿ ಕೂತಿರುತ್ತದೆ. ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ನನ್ನ ಕ್ಯಾಪ್ ಬಿಚ್ಚಿದಾಗ ಒಳಗಿನ ತಾಮ್ರದ ಎಳೆಗಳೆಲ್ಲ ಹಸಿರುಗಟ್ಟಿದ್ದವು, ದೇವರ ಮನೆಯ ತೊಳೆಯದ ಚೊಂಬಿನ ಬುಡದ ಹಾಗೆ. ಟಾರ್ಚ್ ಬಿಟ್ಟು ನೋಡಿದರೆ ಕ್ಯಾಪ್‌ನ ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ, ಕೂದಲಿಗಿಂತ ತೆಳು. ಕರೆಂಟ್ ಸೋರಿ ಸೋರಿ ಅಲ್ಲಿ ದಾರಿ ಮಾಡಿಕೊಂಡಿತ್ತು. ಒಣ ಹವೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆ ಬಿದ್ದು ತೇವ ಹಿಡಿದ ಕೂಡಲೇ ಪೂರ್ತಿ ಅಡ್ಡದಾರಿ. ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ರಾತ್ರಿ ಲೈಟ್ ಆರಿಸಿ, ಗಾಡಿ ಸ್ಟಾರ್ಟ್ ಮಾಡಿ, ಕ್ಯಾಪ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸೋರುತ್ತಿದ್ದರೆ ಸಣ್ಣ ನೀಲಿ ಕಿಡಿಗಳು ಹೊರಗೇ ಕುಣಿಯುವುದು ಕಾಣುತ್ತದೆ.

ವೈರ್‌ನ ತುದಿಯಲ್ಲಿ ಐದಾರು ಮಿಲಿಮೀಟರ್ ಕತ್ತರಿಸಿ ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪ್ ತಿರುಗಿಸಿ ಹಾಕಿ. ಮಲ್ಟಿಮೀಟರ್ ಇದ್ದರೆ ಕ್ಯಾಪ್‌ನ ಎರಡು ತುದಿ ನಡುವೆ ಅಳೆಯಿರಿ. ರೆಸಿಸ್ಟರ್ ಇರುವ ಕ್ಯಾಪ್‌ಗೆ ಸಾಮಾನ್ಯವಾಗಿ 5 ಕಿಲೋ ಓಮ್ ಆಸುಪಾಸು ಬರಬೇಕು. ಇಪ್ಪತ್ತು-ಮೂವತ್ತು ತೋರಿಸಿದರೆ, ಅಥವಾ ಏನೂ ತೋರಿಸದಿದ್ದರೆ, ಕ್ಯಾಪ್ ಕಸದ ಬುಟ್ಟಿಗೆ.

ಆಮೇಲೆ ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಾಯಿಲ್‌ನಿಂದ ಕಿಡಿ ಹೊರಡಿಸುವ ಸಣ್ಣ ಸ್ವಿಚ್. ಸಿಡಿಐ ಗಾಡಿಯವರು ಇದನ್ನು ಬಿಟ್ಟು ಮುಂದೆ ಹೋಗಿ. ನನ್ನ ಯೆಜ್ಡಿಯಲ್ಲಿ ಬಲಗಡೆ ಕವರ್ ತೆಗೆದರೆ ಪಾಯಿಂಟ್ ಕಾಣುತ್ತದೆ. ಎರಡೂ ಮುಖ ಬೂದು ಬಣ್ಣಕ್ಕೆ ನುಣ್ಣಗಿರಬೇಕು. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಇದ್ದರೆ, ಮೇಲೆ ನೀಲಿ ಸುಟ್ಟ ಕಲೆ ಇದ್ದರೆ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಮೇಲೆ ಅನುಮಾನ ಪಡಿ. ಸಣ್ಣ ಎಮೆರಿಯಲ್ಲಿ ಎರಡೇ ಎಳೆತ ಎಳೆದು, ಬಿಳಿ ಹಾಳೆ ಸಿಕ್ಕಿಸಿ ಎಳೆಯಿರಿ, ಹಾಳೆಗೆ ಕಪ್ಪು ಹತ್ತದ ತನಕ. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.35–0.40 ಮಿಲಿಮೀಟರ್. ಎಣ್ಣೆ ಜಿಡ್ಡು ಇರಲೇಬಾರದು. ಕಂಡೆನ್ಸರ್ ಅಳೆದು ಕೂರುವ ಬದಲು ಹೊಸದು ಹಾಕಿ ನೋಡುವುದೇ ಸಸ್ತಾ. ಒಂದು ಮಾತು: ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಈಗ ಅಂಗಡಿಯಲ್ಲಿ "ಒರಿಜಿನಲ್ ರೀ ಸಾರ್" ಎಂದು ಕೊಡುವ ಪಾಯಿಂಟ್, ಕಂಡೆನ್ಸರ್‌ಗಳಲ್ಲಿ ನಕಲೇ ಜಾಸ್ತಿ. ಹಳೇದು ಕೆಲಸ ಮಾಡುತ್ತಿದ್ದರೆ ಎಸೆಯಬೇಡಿ.

ಬ್ಯಾಟರಿಯಿಂದ ಕಿಡಿ ಕೊಡುವ 6 ವೋಲ್ಟ್ ಗಾಡಿಯಾದರೆ ಬ್ಯಾಟರಿಯೂ ಲೆಕ್ಕಕ್ಕೆ ಬರುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮಿಸ್ಸಿಂಗ್ ಶುರುವಾದರೆ ಅಥವಾ ಹಾರ್ನ್ ಮುಕ್ಕಿದರೆ, ಕಿಡಿಗೂ ಅದೇ ಬರಗಾಲ. ಅರ್ಥ್ ವೈರ್ ಬೋಲ್ಟಿನ ಕೆಳಗಿನ ತುಕ್ಕನ್ನೂ ಕೆರೆಯಿರಿ.

ಗಾಳಿ ಮತ್ತು ಚೋಕ್

ಏರ್ ಫಿಲ್ಟರ್ ಇಲ್ಲದೆ ಒಂದು ಸುತ್ತು ಓಡಿಸಿ ನೋಡಿ, ಅದೂ ಧೂಳಿಲ್ಲದ ರಸ್ತೆಯಲ್ಲಿ ಒಂದೇ ಕಿಲೋಮೀಟರ್. ಗಾಡಿ ಹಗುರಾಗಿ ಎಳೆದರೆ ಫಿಲ್ಟರ್ ಕಟ್ಟಿದೆ. ಕಾಗದದ್ದಾದರೆ ಹೊಸದು ಹಾಕಿ. ಫೋಮ್ ಆದರೆ ಸಬಕಾರದ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಣ್ಣೆ ಹಾಕಿ ಹಿಂಡಿ. ಎಣ್ಣೆ ಜಾಸ್ತಿಯಾದರೆ ಗಾಳಿಗೆ ಅದೇ ಅಡ್ಡ.

ಚೋಕ್ ಪೂರ್ತಿ ವಾಪಸ್ ಬರುತ್ತಿದೆಯೇ ನೋಡಿ. ಕೇಬಲ್ ಇರುವ ಚೋಕ್‌ನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಇಲ್ಲದಿದ್ದರೆ ಲಿವರ್ ವಾಪಸ್ ಬಂದಿದ್ದರೂ ಒಳಗೆ ಚೋಕ್ ಅರ್ಧ ಎಳೆದ ಹಾಗೇ ಇರುತ್ತದೆ. ನನ್ನ ಗಾಡಿಯಂತೆ ಟಿಕ್ಲರ್ (ಸ್ಟಾರ್ಟ್ ಮಾಡಲು ಪೆಟ್ರೋಲ್ ಜಾಸ್ತಿ ಬಿಡುವ ಗುಂಡಿ) ಒತ್ತುವ ಕಾರ್ಬುರೇಟರ್ ಆದರೆ ಪೆಟ್ರೋಲ್ ಸುರಿಯುವ ತನಕ ಒತ್ತುವ ಚಟ ಬಿಡಿ. ಏಪ್ರಿಲ್ ಬಿಸಿಲಲ್ಲಿ ಟಿಕ್ಲರ್ ಯಾಕೆ ಬೇಕು?

ಈಗ ಕಾರ್ಬುರೇಟರ್

ಇಲ್ಲಿಗೆ ಬಂದರೂ ಒಂದು ಸಲಕ್ಕೆ ಒಂದೇ ಬದಲಾವಣೆ. ಜೆಟ್ಟು, ನೀಡಲ್ಲು, ಸ್ಕ್ರೂ ಮೂರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ.

ಕಾರ್ಬುರೇಟರ್‌ನ ಬೌಲ್‌ನಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನಿಂದ ಶುರು ಮಾಡಿ. ಕಾಕ್ ಆನ್ ಮಾಡಿ ಗಾಡಿ ಹತ್ತು ನಿಮಿಷ ನಿಲ್ಲಿಸಿ. ಓವರ್‌ಫ್ಲೋ ಪೈಪಿನಲ್ಲಿ ಹನಿ ಬಿದ್ದರೆ ಫ್ಲೋಟ್ ನೀಡಲ್ ಸವೆದಿದೆ, ಅಥವಾ ಕಸ ಸಿಕ್ಕಿದೆ, ಅಥವಾ ಫ್ಲೋಟ್ ತೂತಾಗಿದೆ. ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದೇ ಕಾರಣ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಶೇ 20ರ ತನಕ ಇದೆ. ಹಳೇ ರಬ್ಬರ್ ತುದಿಗಳು ಅದರಲ್ಲಿ ಉಬ್ಬುತ್ತವೆ. ಗಾಡಿ ನಿಲ್ಲಿಸಿದಾಗ ಕಾಕ್ ಬಂದ್ ಮಾಡುವ ಅಭ್ಯಾಸವಂತೂ ಕಡ್ಡಾಯ.

ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಸ್ಕ್ರೂ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು. ಹೊರಗೆ ತಿರುಗಿಸಿದಷ್ಟೂ ಪೆಟ್ರೋಲ್ ಪಾಲು ಕಮ್ಮಿ. ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್‌ನದು. ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಹೊರಗೆ ತಂದು ಅಲ್ಲಿಂದ ಹುಡುಕುವುದು ವಾಡಿಕೆ. ಮುಚ್ಚುವಾಗ ಬಿಗಿಯಬೇಡಿ, ತುದಿ ಮೊಂಡಾಗುತ್ತದೆ.

ಅರ್ಧ ಥ್ರಾಟಲ್‌ನಲ್ಲಿ ಗೊರಗೊರ ಎನ್ನುತ್ತಿದ್ದರೆ ನೀಡಲ್ ನೋಡಿ. ಕ್ಲಿಪ್ ಒಂದು ಗೀಟು ಮೇಲೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಮ್ಮಿಯಾಗುತ್ತದೆ. ಮೂವತ್ತು-ನಲವತ್ತು ವರ್ಷದ ಕಾರ್ಬುರೇಟರ್‌ನಲ್ಲಿ ನೀಡಲ್ ಆಡುವ ತೂತೇ ಸವೆದು ಅಂಡಾಕಾರವಾಗಿರುತ್ತದೆ. ಆಗ ಯಾವ ಗೀಟಿಗೆ ಹಾಕಿದರೂ ಅಷ್ಟೇ, ನೀಡಲ್ ಮತ್ತು ನೀಡಲ್ ಜೆಟ್ ಜೋಡಿ ಬದಲಿಸಬೇಕು. ಮೇನ್ ಜೆಟ್ ಮುಟ್ಟುವುದು ಫುಲ್ ಥ್ರಾಟಲ್‌ನಲ್ಲಿ ತೊಂದರೆ ಇದ್ದರೆ ಮಾತ್ರ.

ಆಯಿಲ್ ಪ್ಲಗ್

ಟು ಸ್ಟ್ರೋಕ್‌ನಲ್ಲಿ ಮೊದಲು ಅಳತೆ. ನಾನು ಲೀಟರಿಗೆ 30 ಮಿಲಿ ಲೀಟರ್ ಟು-ಟಿ ಆಯಿಲ್ ಹಾಕುತ್ತೇನೆ, ಐದು ಲೀಟರಿಗೆ 150. ಅಳತೆ ಗ್ಲಾಸಿನಲ್ಲೇ ಹಾಕುತ್ತೇನೆ, ಕಣ್ಣಳತೆಯಲ್ಲಲ್ಲ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ, ಹಾಗಾದರೆ ತಾನೇ ಬೆರೆಯುತ್ತದೆ. ಕಾರಿನ ಎಂಜಿನ್ ಆಯಿಲ್ ಹಾಕಿದರೆ ಮಸಿ ಖಾತ್ರಿ. 1985ರಲ್ಲಿ ಬಂದ ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪೇ ಈ ಕೆಲಸ ಮಾಡುತ್ತದೆ. ಅಲ್ಲಿ ಪಂಪಿನ ಕೇಬಲ್ ಗುರುತಿಗೆ ಗುರುತು ಕೂಡಿದೆಯೇ ನೋಡಿ.

ಮಿಕ್ಸ್ ಹಾಕುವ ಗಾಡಿಯವರಿಗೆ ಇನ್ನೊಂದು. ವಾರಗಟ್ಟಲೆ ನಿಲ್ಲಿಸಿದರೆ ಫ್ಲೋಟ್ ಬೌಲ್‌ನ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ತಳದಲ್ಲಿ ಉಳಿಯುತ್ತದೆ. ಮುಂದಿನ ಸಲ ಕಿಕ್ ಹೊಡೆದಾಗ ಪ್ಲಗ್‌ಗೆ ಅದೇ ಆಯಿಲ್ ಅಭಿಷೇಕ. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಮನೆ ಮುಂದೆಯೇ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಐಡಲಿಂಗ್ ಬಿಡಿ.

ಅಳತೆ ಸರಿ ಇದ್ದೂ ಪ್ಲಗ್ ಜಿಡ್ಡಾದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ನೋಡಬೇಕು. ಅದು ಸವೆದರೆ ಎಂಜಿನ್ ಗೇರ್ ಆಯಿಲ್ ಎಳೆದುಕೊಂಡು ಉರಿಸುತ್ತದೆ. ಎಷ್ಟೊತ್ತಾದರೂ ನಿಲ್ಲದ ಬಿಳಿ ಹೊಗೆ, ಸುಟ್ಟ ಗೇರ್ ಆಯಿಲ್‌ನ ಘಾಟು, ಗೇರ್ ಬಾಕ್ಸಿನಲ್ಲಿ ಇಳಿಯುತ್ತಾ ಹೋಗುವ ಮಟ್ಟ. ಈ ಮೂರೂ ಸೇರಿದರೆ ಮಿಸ್ತ್ರಿ ಹತ್ತಿರ ಹೋಗಿ, ಇದು ಮನೆ ಅಂಗಳದ ಕೆಲಸವಲ್ಲ.

ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪಿಸ್ಟನ್ ರಿಂಗ್‌ನಿಂದ ಅಥವಾ ವಾಲ್ವ್ ಸೀಲ್‌ನಿಂದ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್. ಎಕ್ಸಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್. ಖಾತ್ರಿ ಬೇಕಾದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಕಂಪ್ರೆಷನ್ ಅಳೆಸಿ. ಮೊದಲಿಗಿಂತ ಏರಿದರೆ ರಿಂಗ್ ಸವೆದಿದೆ. ಎಂಜಿನ್ ಆಯಿಲ್ ಡಿಪ್ ಸ್ಟಿಕ್ಕಿನ ಗುರುತಿಗಿಂತ ಮೇಲೆ ತುಂಬಿಸಿದ್ದರೂ ಹೀಗಾಗುತ್ತದೆ, ಅದನ್ನು ಮೊದಲು ನೋಡಿ.

ಪ್ಲಗ್ ನಂಬರ್

ಇದರಲ್ಲಿ ನಾನೇ ಮೋಸ ಹೋಗಿದ್ದೇನೆ. ಒಂದು ಅಂಗಡಿಯಲ್ಲಿ "ದೊಡ್ಡ ನಂಬರ್ ಅಂದ್ರ ಬಿಸಿ ಪ್ಲಗ್ ರೀ" ಎಂದು ಕೊಟ್ಟರು. ಹಾಕಿದರೆ ಇನ್ನೂ ಬೇಗ ಕಪ್ಪಾಯಿತು. ಬಿಸಿ ಪ್ಲಗ್ ಅಂದರೆ ತುದಿಯ ಬಿಸಿಯನ್ನು ನಿಧಾನ ಬಿಟ್ಟುಕೊಡುವುದು, ತಣ್ಣನೆಯದು ಬೇಗ ಬಿಟ್ಟುಕೊಡುವುದು. ವಿಷಯ ಇಷ್ಟು: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, 6ಕ್ಕಿಂತ 8 ತಣ್ಣಗೆ. ಬಾಷ್‌ನ ಈಗಿನ ನಂಬರ್ ಅದಕ್ಕೆ ಪೂರ್ತಿ ಉಲ್ಟಾ, ದೊಡ್ಡದು ಬಿಸಿ. ಹಳೇ ಮೈಕೋ ಪ್ಲಗ್‌ಗಳ ಮೂರಂಕಿಯ ನಂಬರ್ ಮತ್ತೆ ಬೇರೆ. ಅದರಲ್ಲಿ 175ಕ್ಕಿಂತ 225 ತಣ್ಣಗೆ. ಒಂದು ಕಂಪನಿಯ ಅಂಕಿ ಇನ್ನೊಂದಕ್ಕೆ ಹೋಲಿಸಲೇಬೇಡಿ.

ಬರೀ ಊರೊಳಗೆ ಓಡಿಸುವವರು ಒಂದೇ ಒಂದು ಮೆಟ್ಟಿಲು ಬಿಸಿ ಪ್ಲಗ್ ಹಾಕಬಹುದು. ಆದರೆ ಅದೇ ಪ್ಲಗ್ ಇಟ್ಟುಕೊಂಡು ಮೇ ತಿಂಗಳ ಬಿಸಿಲಲ್ಲಿ ಗದಗಕ್ಕೆ ಫುಲ್ ಥ್ರಾಟಲ್ ಹೊಡೆಯಬೇಡಿ. ಥ್ರೆಡ್‌ನ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ. ಉದ್ದ ಪ್ಲಗ್ ಪಿಸ್ಟನ್‌ಗೆ ಬಡಿಯುತ್ತದೆ.

ದಾರಿಯಲ್ಲಿ ನಿಂತರೆ

ಕಾಕ್ ಬಂದ್ ಮಾಡಿ. ಎಂಜಿನ್ ಬಿಸಿಯಿರುತ್ತದೆ, ಬಿಸಿ ಇಳಿಯುವ ತನಕ ಕಾದು, ಕೈಗೆ ಬಟ್ಟೆ ಸುತ್ತಿಕೊಂಡು ಮೆಲ್ಲಗೆ ಪ್ಲಗ್ ತೆಗೆಯಿರಿ. ಕೀಲಿ ಆಫ್ ಇರಲಿ, ಸಿಡಿಐ ಆದರೆ ಪ್ಲಗ್ ಕ್ಯಾಪ್‌ಗೇ ಸಿಕ್ಕಿಸಿ ಹೆಡ್‌ಗೆ ತಾಗಿಸಿಡಿ. ಥ್ರಾಟಲ್ ಪೂರ್ತಿ ತಿರುವಿ ಹತ್ತು-ಹದಿನೈದು ಕಿಕ್ ಹೊಡೆದರೆ ಒಳಗೆ ನಿಂತ ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುತ್ತದೆ. ಹತ್ತಿರ ಬೀಡಿ ಹಚ್ಚಿ ನಿಂತು ಸಲಹೆ ಕೊಡುವವರನ್ನು ಮೊದಲು ದೂರ ಕಳಿಸಿ. ಬೇರೆ ಪ್ಲಗ್ ಹಾಕಿ, ಕಾಕ್ ಆನ್ ಮಾಡಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ನನ್ನ ಟೂಲ್ ಬಾಕ್ಸಿನಲ್ಲಿ ಈಗ 21ರ ಪಾನಾ, ಒಂದು ಚೂರು ಎಮೆರಿ, ಹಳೇ ಬನಿಯನ್ ಬಟ್ಟೆ, ಒಂದು ಹೊಸ ಕ್ಯಾಪ್ ಮತ್ತು ಮಾತ್ರೆ ಡಬ್ಬಿಯೊಳಗೆ ಒಂದು ಪ್ಲಗ್ ಇದೆ. ಆ ಪ್ಲಗ್‌ನ ಗ್ಯಾಪ್ ಮನೆಯಲ್ಲೇ ಸರಿ ಮಾಡಿ ಇಟ್ಟಿದ್ದೇನೆ. ಮಳೆಯಲ್ಲಿ, ಬೀದಿ ದೀಪದ ಕೆಳಗೆ, ಫೀಲರ್ ಗೇಜ್‌ನ ಮೇಲಿನ ಅಂಕಿ ಕಾಣುವುದಿಲ್ಲ.